ಕೆಂಪು ನೀರಿಗೆ ಯಾರು ಹೊಣೆ?

ನಾನು ಪರಿಸರ ತಜ್ಞನಲ್ಲ, ಸಾಫ್ಟ್‌ವೇರ್ ಬರೆದು ಬದುಕುವವನು. ವರ್ಜೀನಿಯಾದ ನಮ್ಮ ಮನೆಯ ಹಿಂದೆ ಹೊಸ ಬಡಾವಣೆಗೆ ನೆಲ ಅಗೆದರು. ಒಂದು ರಾತ್ರಿ ಜೋರು ಮಳೆ. ಬೆಳಿಗ್ಗೆ ನೋಡಿದರೆ ಹಿತ್ತಲಿನ ತೊರೆಯಲ್ಲಿ ಹಾಲು ಬೆರೆಸಿದ ಟೀ ಹರಿಯುತ್ತಿದ್ದ ಹಾಗಿತ್ತು. ಮಣ್ಣು ತಡೆಯಲು ಗೂಟಕ್ಕೆ ಕಟ್ಟಿದ್ದ ಕಪ್ಪು ಬಟ್ಟೆ ಮಲಗಿಬಿಟ್ಟಿತ್ತು. ದೂರು ಕೊಟ್ಟೆ. ಬಂದ ಇನ್‌ಸ್ಪೆಕ್ಟರ್ ಸೌಜನ್ಯದಿಂದಲೇ ಹೇಳಿದರು: "ಬಟ್ಟೆ ಸರಿ ಮಾಡಿಸುತ್ತೇನೆ. ನೀರು ಎಷ್ಟರಮಟ್ಟಿಗೆ ಕಲಕಬಹುದು ಅನ್ನುವ ಅಂಕಿ ನನ್ನ ಕೈಯಲ್ಲಿಲ್ಲ."

ಇಂಜಿನಿಯರ್ ನೋಡಿ, ಆ ಅಂಕಿ ಹುಡುಕಿಕೊಂಡು ಹೊರಟೆ. ಅದು ಇತ್ತು! 2009ರಲ್ಲಿ ಫೆಡರಲ್ ಪರಿಸರ ಸಂಸ್ಥೆ ಇಪಿಎ ದೊಡ್ಡ ನಿವೇಶನಗಳಿಂದ ಹರಿಯುವ ನೀರಿಗೆ 280 ಎನ್‌ಟಿಯು ಮಿತಿ ಹಾಕಿತ್ತು. ಮನೆ ಕಟ್ಟುವವರ ಸಂಘ ಕೋರ್ಟಿಗೆ ಹೋಯಿತು. 2011ರಲ್ಲಿ ಇಪಿಎ ಅದನ್ನು ತಡೆಹಿಡಿದು, 2014ರಲ್ಲಿ ಕೈಬಿಟ್ಟಿತು.

ಹಾಗಾದರೆ ಕೌಂಟಿಯೇ ಮಿತಿ ಹಾಕಲಿ ಅನ್ನುತ್ತೀರಿ. ವರ್ಜೀನಿಯಾದಲ್ಲಿ ಡಿಲನ್ ನಿಯಮ ಅಂತಿದೆ: ರಾಜ್ಯ ಕೊಟ್ಟ ಅಧಿಕಾರವಷ್ಟೇ ಕೌಂಟಿಗೆ. ನಾರ್ತ್ ಕ್ಯಾರೊಲಿನಾದ ಶಾಸನಸಭೆ 2015ರಲ್ಲಿ, ಹೊಳೆದಂಡೆಗೆ ಬಿಡಬೇಕಾದ ಜಾಗದ ಬಗ್ಗೆ ಊರುಗಳು ರಾಜ್ಯಕ್ಕಿಂತ ಬಿಗಿ ನಿಯಮ ಮಾಡದಂತೆ ಕೈಕಟ್ಟಿತು. ಅಟ್ಲಾಂಟಾದವರು ಸ್ವಲ್ಪ ಪುಣ್ಯವಂತರು. ಜಾರ್ಜಿಯಾದ 25 ಅಡಿ ಕನಿಷ್ಠ ಮಾತ್ರ, ಊರಿನವರು ಹೆಚ್ಚು ಕೇಳಬಹುದು.

ಆದರೆ ಸ್ಥಳೀಯರು ಯಾವಾಗಲೂ ತೊರೆಯ ಪಕ್ಷ ಎಂದುಕೊಳ್ಳಬೇಡಿ. ಫೇರ್‌ಫ್ಯಾಕ್ಸ್‌ನ ಆಕೊಟಿಂಕ್ ಹೊಳೆಯಲ್ಲಿ ಹೂಳು ತುಂಬಿ ಜಲಚರಗಳು ಕುಗ್ಗಿದ್ದವು. ಮಳೆನೀರಿನ ರಭಸವನ್ನೇ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿ ಎಂದಿತು ಇಪಿಎ. ಅದರ ವಿರುದ್ಧ ರಾಜ್ಯದ ಜೊತೆ ಕೌಂಟಿಯೂ ದಾವೆ ಹೂಡಿತು. ಖರ್ಚು ಅದರ ತಲೆಮೇಲೆ ಬೀಳುತ್ತಿತ್ತಲ್ಲ. 2013ರ ಜನವರಿಯಲ್ಲಿ ತೀರ್ಪು ಬಂತು: ಹೂಳು ಮಾಲಿನ್ಯ, ನೀರು ಮಾಲಿನ್ಯವಲ್ಲ, ಆದ್ದರಿಂದ ನೀರಿಗೆ ಮಿತಿ ಹಾಕುವಂತಿಲ್ಲ. ದಂಡೆ ಕೊರೆದು ಹೂಳೆಬ್ಬಿಸುವುದು ಆ ನೀರೇ! ಕಾನೂನಿನ ಪದಗಳನ್ನು ಓದಿದರೆ ನ್ಯಾಯಾಧೀಶರದು ತಪ್ಪೆನ್ನಲೂ ಆಗುವುದಿಲ್ಲ, ಅದೇ ನನಗೆ ಕಸಿವಿಸಿ.

ಬೆಂಗಳೂರಿನ ಕಥೆಯೂ ನೆನಪಾಗುತ್ತದೆ. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಯ ಸುತ್ತ 75 ಮೀಟರ್ ಬಿಡಿ ಎಂದಿತು. ಮಾಸ್ಟರ್ ಪ್ಲಾನ್ ಬದಲಿಸುವ ಅಧಿಕಾರ ನಿಮಗಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಪ್ಲಾನಿನಲ್ಲಿದ್ದದ್ದು 30 ಮೀಟರ್.

ನನ್ನ ಮನೆಯೂ ಹೀಗೇ ನೆಲ ಅಗೆದು ಕಟ್ಟಿದ್ದು. ಆಗ ಕೆಳಗಿನವರ ಹಿತ್ತಲಿಗೆ ಎಷ್ಟು ಮಣ್ಣು ಹೋಯಿತೋ, ನಾನು ಕೇಳಲಿಲ್ಲ. ಅಡಿಗೆಮನೆಗೆ ಯಾವ ಗ್ರಾನೈಟ್ ಅಂತ ಮಾತ್ರ ಕೇಳಿದ್ದೆ.

ಈಗ ಮಾಡಬಹುದಾದದ್ದು ಇಷ್ಟು. ಒಂದು ಎಕರೆಗೆ ಮೇಲ್ಪಟ್ಟ ನಿವೇಶನಕ್ಕೆ ಪರವಾನಗಿ ಕಡ್ಡಾಯ, ಮಣ್ಣು ತಡೆಯುವ ಯೋಜನೆಯೂ ಬರೆದಿಟ್ಟಿರಬೇಕು. ಕೇಳಿ ನೋಡಿ. ಮಳೆ ನಿಂತ ಕೂಡಲೇ ತಾರೀಖು ಸಮೇತ ಫೋಟೋ ತೆಗೆಯಿರಿ. ಬಡಾವಣೆಗೆ ಒಪ್ಪಿಗೆ ಕೊಡುವ ಮೊದಲೇ ಸಾರ್ವಜನಿಕ ಸಭೆ ನಡೆಯುತ್ತದೆ. ನಾನು ಹೋದ ಸಭೆಯಲ್ಲಿ ಬಿಲ್ಡರ್‌ನ ವಕೀಲರಿದ್ದರು, ನಮ್ಮವರು ಒಬ್ಬರೂ ಇರಲಿಲ್ಲ. ಮುಂದಿನ ಸಭೆಗೂ ಹೋಗುತ್ತಿದ್ದೇನೆ, ಕಾರಿನಲ್ಲಿ ನಾಲ್ಕು ಸೀಟು ಖಾಲಿ ಇವೆ.