ಸಹೋದರನೆಂಬ ಮಾತು: ಅಮೇರಿಕದ ಕಾರ್ಮಿಕ ಚಳುವಳಿ



ಪರರನ್ನು ಸಹೋದರರೆಂದು ಕರೆಯುವದು ಸುಲಭ. ಆ ಕರೆಗೆ ತಕ್ಕಂತೆ ನಡೆಯುವದು ಕಷ್ಟ. ಅಮೇರಿಕದ ಕೂಲಿಕಾರರ ಇತಿಹಾಸವು ಇದಕ್ಕೆ ಸಾಕ್ಷಿಯಾಗಿರುವದು.

1869ನೆಯ ಇಸವಿಯಲ್ಲಿ ಫಿಲಡೆಲ್ಫಿಯಾ ನಗರದ ಬಟ್ಟೆ ಕತ್ತರಿಸುವ ಕಸಬಿನವರು ಕೆಲವರು ಕೂಡಿ 'ನೈಟ್ಸ್ ಆಫ್ ಲೇಬರ್' ಎಂಬ ಸಂಘವನ್ನು ಸ್ಥಾಪಿಸಿದರು. ಮೊದಮೊದಲು ಗುಪ್ತವಾಗಿದ್ದ ಆ ಸಂಘಕ್ಕೆ ಪ್ರವೇಶವಿಧಿಗಳೂ ಪ್ರತಿಜ್ಞೆಗಳೂ ಇದ್ದವು. ಒಬ್ಬನಿಗೊದಗಿದ ನೋವು ಎಲ್ಲರ ಚಿಂತೆಯಾಗತಕ್ಕದ್ದೆಂಬುದೇ ಅದರ ಘೋಷವಾಕ್ಯ. ಕಾಲಕ್ರಮದಲ್ಲಿ ಸ್ತ್ರೀಯರಿಗೂ ಕಪ್ಪುವರ್ಣೀಯರಿಗೂ ಅದರ ಬಾಗಿಲು ತೆರೆಯಿತು. ಚೀನಾ ದೇಶದಿಂದ ಬಂದ ಕೂಲಿಕಾರರಿಗೆ ಮಾತ್ರ ತೆರೆಯಲಿಲ್ಲ. 1885ರಲ್ಲಿ ವಾಯೋಮಿಂಗ್ ಪ್ರಾಂತದ ರಾಕ್ ಸ್ಪ್ರಿಂಗ್ಸಿನಲ್ಲಿ ಕಲ್ಲಿದ್ದಲ ಗಣಿಯ ಬಿಳಿಯ ಕೆಲಸಗಾರರು ಕನಿಷ್ಠಪಕ್ಷ 28 ಮಂದಿ ಚೀನೀಯರನ್ನು ಕೊಂದರು. ಕೊಂದವರ ಗುಂಪಿನಲ್ಲಿ ಈ ಸಂಘದವರೂ ಇದ್ದರು. ಘೋಷವಾಕ್ಯವು ಆ ದಿನ ಬಾಯಲ್ಲಿಯೇ ಉಳಿಯಿತು.

1886ರಲ್ಲಿ 'ಅಮೇರಿಕನ್ ಫೆಡರೇಶನ್ ಆಫ್ ಲೇಬರ್' ಹುಟ್ಟಿತು. ಅದು ಹೆಚ್ಚಾಗಿ ನುರಿತ ಕಸಬುದಾರರ ಸಂಘಗಳ ಒಕ್ಕೂಟ. ನಾನಾ ದೇಶಗಳಿಂದ ಬಂದು ನಾನಾ ಭಾಷೆಗಳನ್ನಾಡುವ ಬಡ ಕೂಲಿಕಾರರು ಒಂದಾಗಲಾರರೆಂಬ ಭಾವನೆಯು ಅದರ ಮುಖಂಡರಲ್ಲಿ ಅನೇಕರಿಗಿದ್ದಿತು.

ಮ್ಯಾಸಚೂಸೆಟ್ಸಿನ ಲಾರೆನ್ಸ್ ಪಟ್ಟಣದ ಬಟ್ಟೆ ಗಿರಣಿಗಳ ಕೆಲಸಗಾರರು 1912ರಲ್ಲಿ ಈ ಭಾವನೆಯನ್ನು ಸುಳ್ಳಾಗಿಸಿದರು. ಸ್ತ್ರೀಯರೂ ಮಕ್ಕಳೂ ದುಡಿಯುವ ಅವಧಿಯನ್ನು ಅಲ್ಲಿಯ ಕಾಯಿದೆಯು ವಾರಕ್ಕೆ 56 ತಾಸುಗಳಿಂದ 54ಕ್ಕೆ ಇಳಿಸಿದ್ದಿತು. ಧಣಿಗಳು ಆ ಎರಡು ತಾಸಿನ ಕೂಲಿಯನ್ನೂ ಕಡಿದರು. ಜನವರಿಯ ಚಳಿಯಲ್ಲಿ ಪೋಲಿಷ್ ಹೆಂಗಸರು ಮೊದಲು ಮಗ್ಗಗಳನ್ನು ಬಿಟ್ಟು ಹೊರಬಂದರು. ಬೇಗನೆಯೇ ಮುಷ್ಕರ ಹೂಡಿದವರ ಸಂಖ್ಯೆಯು 20,000ವನ್ನು ಮೀರಿತು. ಅವರಾಡುವ ಭಾಷೆಗಳು ಇಪ್ಪತ್ತಕ್ಕೂ ಹೆಚ್ಚು.

1905ರಲ್ಲಿ ಶಿಕಾಗೋದಲ್ಲಿ ಸ್ಥಾಪಿತವಾದ 'ಇಂಡಸ್ಟ್ರಿಯಲ್ ವರ್ಕರ್ಸ್ ಆಫ್ ದಿ ವರ್ಲ್ಡ್' ಸಂಘದ ಜೋಸೆಫ್ ಎಟ್ಟರನು ಅವರ ನೆರವಿಗೆ ಬಂದನು. ಮುಷ್ಕರ ಸಮಿತಿಯಲ್ಲಿ ಒಂದೊಂದು ಜನಾಂಗಕ್ಕೂ ಪ್ರತಿನಿಧಿಗಳಿದ್ದರು. ಸಭೆಯಲ್ಲಿ ಆಡಿದ ಮಾತನ್ನು ಅವರವರ ನುಡಿಗೆ ತಿರುಗಿಸಿ ಹೇಳಲಾಗುತ್ತಿದ್ದಿತು. ಅದು ಬಹಳ ಹೊತ್ತು ಹಿಡಿಯುವ ಕೆಲಸ. ಆದರೆ ತಿಳಿಯದೆ ಕೈಯೆತ್ತಬೇಕಾದ ಸ್ಥಿತಿಯು ಯಾರಿಗೂ ಇರಲಿಲ್ಲ. ಆದುದರಿಂದಲೇ ಎಟ್ಟರನು ಸೆರೆಯಾದ ಬಳಿಕವೂ ಅವರ ಒಗ್ಗಟ್ಟು ಒಡೆಯಲಿಲ್ಲ. ಮಾರ್ಚ್ ತಿಂಗಳಲ್ಲಿ ಧಣಿಗಳು ಕೂಲಿಯನ್ನು ಹೆಚ್ಚಿಸಲು ಒಪ್ಪಿದರು.

ಗೆಲುವಿನ ತರುವಾಯ ಆ ಊರಿನಲ್ಲಿ ಸಂಘದ ಬಲವು ಬಹುಕಾಲ ನಿಲ್ಲಲಿಲ್ಲವೆಂಬುದೂ ನಿಜ. ಆದರೂ ಅದು ಕಲಿಸಿದ ಪಾಠವು ಅಳಿಯತಕ್ಕದ್ದಲ್ಲ. ರಾಕ್ ಸ್ಪ್ರಿಂಗ್ಸಿನವರ ಬಳಿ ಉತ್ತಮವಾದ ಮಾತಿದ್ದಿತು. ಲಾರೆನ್ಸಿನವರು ಅಂಥ ಮಾತನ್ನು ನೆರೆಯವನ ನುಡಿಯಲ್ಲಿ ಅವನಿಗೆ ಮುಟ್ಟಿಸಿದರು. ಸಹೋದರನೆಂದು ಕರೆದವನು ಅಷ್ಟು ಶ್ರಮವನ್ನಾದರೂ ಪಡಲೇಬೇಕು.