ಎರಡನೇ ಕಾರ್ಡು



ಅಬ್ಬಿಗೆರೆಯ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟು ಶುರುವಾಗುವ ಮುಂಚೆ ಟೀ ಅಂಗಡಿಯ ಹತ್ತಿರ ನಿಂತು ನೋಡಿ. ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ಮೊಬೈಲು. ದೊಡ್ಡವರು ದಿನಭವಿಷ್ಯ ನೋಡುತ್ತಾರೆ. ಹುಡುಗ ಹುಡುಗಿಯರಲ್ಲಿ ಕೆಲವರು ಈಗ ಟ್ಯಾರೋ ಕಾರ್ಡು ಎತ್ತುತ್ತಾರೆ, ದಿನಕ್ಕೊಂದು.

ಪರದೇಶದ ಹೆಸರು ಕೇಳಿ ಹುಬ್ಬೇರಿಸಬೇಕಿಲ್ಲ. ಜಾತ್ರೆಯ ಗಿಳಿಶಾಸ್ತ್ರ ಇದೇ ತಾನೇ? ಗಿಳಿ ಪಂಜರದಿಂದ ಹೊರಬಂದು ಕೊಕ್ಕಿನಲ್ಲಿ ಒಂದು ಕಾರ್ಡು ಎಳೆದು, ಕಾಳು ತಿಂದು ಒಳಗೆ ಹೋಗುತ್ತಿತ್ತು. ಗಿಳಿ ಹಿಡಿದು ಸಾಕುವುದು ಈಗ ಅಪರಾಧ. ಊರವರ ಭವಿಷ್ಯ ಹೇಗೋ ಏನೋ, ಗಿಳಿಯದಂತೂ ಸುಧಾರಿಸಿತು. ಇನ್ನು ಡಿವಿಜಿಯವರ ‘ಮಂಕುತಿಮ್ಮನ ಕಗ್ಗ’ 1943ರಲ್ಲಿ ಬಂತು. ಅದರ 945 ಪದ್ಯಗಳಲ್ಲಿ ಕೈಗೆ ಸಿಕ್ಕಿದ ಒಂದನ್ನು ಬೆಳಿಗ್ಗೆ ಓದಿ ಕೆಲಸಕ್ಕೆ ಹೊರಡುವವರು ನಮ್ಮಲ್ಲಿ ಎಷ್ಟೋ ಜನ.

ಟ್ಯಾರೋ 15ನೇ ಶತಮಾನದ ಇಟಲಿಯಲ್ಲಿ ಬರೀ ಎಲೆಯಾಟ. ಭವಿಷ್ಯ ಹೇಳುವ ಕೆಲಸ ಅದಕ್ಕೆ ಅಂಟಿಕೊಂಡಿದ್ದು 18ನೇ ಶತಮಾನದಲ್ಲಿ, ಫ್ರಾನ್ಸಿನಲ್ಲಿ. ಇಂದು ಹೆಚ್ಚು ಬಳಕೆಯಲ್ಲಿರುವ 78 ಎಲೆಗಳ ಚಿತ್ರಗಳನ್ನು ಬರೆದವರು ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಕಲಾವಿದೆ. ಅವು 1909ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದವು.

ಎತ್ತಿದ ಎಲೆ ನಮ್ಮ ಬಗ್ಗೆಯೇ ಹೇಳಿದಂತೆ ಕಾಣುತ್ತದಲ್ಲ, ಅದು ಹೇಗೆ? 1948ರಲ್ಲಿ ಅಮೆರಿಕದ ಬರ್ಟ್ರಂ ಫೋರರ್ ಎಂಬ ಮನಶ್ಶಾಸ್ತ್ರದ ಮೇಷ್ಟ್ರು 39 ವಿದ್ಯಾರ್ಥಿಗಳಿಗೆ, ನಿಮ್ಮ ನಿಮ್ಮ ಸ್ವಭಾವದ ವಿವರ ಇದು ಎಂದು ಒಂದೊಂದು ಹಾಳೆ ಕೊಟ್ಟರು. ಎಷ್ಟು ಸರಿಯಾಗಿದೆ, ಐದಕ್ಕೆ ಅಂಕ ಕೊಡಿ ಎಂದರು. ಸರಾಸರಿ 4.26 ಬಂತು. ಆಮೇಲೆ ನೋಡಿದರೆ ಎಲ್ಲರ ಹಾಳೆಯಲ್ಲೂ ಅದೇ ಮಾತು! ಹಾಗಾಗಿ ‘ಸರಿಯಾಗಿ ಹೇಳ್ತು’ ಅನ್ನುವುದಕ್ಕೆ ಹೆಚ್ಚು ಬೆಲೆಯಿಲ್ಲ. ಹಿತವಾದ ಮಾತು ಯಾರಿಗೆ ಬೇಕಾದರೂ ಒಪ್ಪುತ್ತದೆ. ನನ್ನ ಕುತೂಹಲ ಇರುವುದು ಒಪ್ಪದ ಎಲೆ ಬಂದಾಗ ನಾವೇನು ಮಾಡುತ್ತೇವೆ ಎಂಬುದರಲ್ಲಿ.

ಅಬ್ಬಿಗೆರೆಯಲ್ಲೇ ಒಂದು ವರ್ಕ್‌ಶಾಪಿನಲ್ಲಿ ಲೆಕ್ಕ ಬರೆಯುವ ಹುಡುಗಿ ತನ್ನ ಮೊಬೈಲಿನಲ್ಲಿ ಅವತ್ತು ಬಂದ ಎಲೆ ತೋರಿಸಿದಳು. ಕಪ್ಪು ನಿಲುವಂಗಿ ಹೊದ್ದವರೊಬ್ಬರು ತಲೆ ತಗ್ಗಿಸಿ ನಿಂತಿದ್ದಾರೆ. ಮುಂದೆ ಮೂರು ಬಟ್ಟಲು ಉರುಳಿ ಚೆಲ್ಲಿಹೋಗಿವೆ, ಬೆನ್ನ ಹಿಂದೆ ಎರಡು ನೆಟ್ಟಗಿವೆ. “ಇದು ಬೇಡ ಅಂಕಲ್, ಇನ್ನೊಂದು ಎತ್ತುತ್ತೀನಿ” ಅಂದಳು. ಹಿಂದಿನ ದಿನ ಅತ್ತಿಗೆಯ ಜೊತೆ ಜಗಳವಾಗಿತ್ತಂತೆ. ಉಳಿದ ಎರಡು ಬಟ್ಟಲು ನೋಡಿ ಧೈರ್ಯ ತಂದುಕೋ ಎನ್ನುವುದು ಈ ಎಲೆಗೆ ಸಾಮಾನ್ಯವಾಗಿ ಹೇಳುವ ಅರ್ಥ. ನಾನು ಬೇರೆಯದೇ ಪ್ರಶ್ನೆ ಕೇಳಿದೆ: “ಮೂರು ಬಟ್ಟಲು ಚೆಲ್ಲಿದ್ದು ಯಾರಮ್ಮ?” ಅವಳು ಚಿತ್ರವನ್ನು ದೊಡ್ಡದು ಮಾಡಿ ಹುಡುಕಿದಳು. ಚೆಲ್ಲಿದವರು ಯಾರೆಂದು ಚಿತ್ರದಲ್ಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ಒಂದು ನಾನೇ ಅಂತಿಟ್ಕೊಳ್ಳಿ” ಎಂದಳು.

ಎರಡನೇ ಕಾರ್ಡು ಎತ್ತಿದ್ದರೆ ಈ ಮಾತು ಬರುತ್ತಿರಲಿಲ್ಲ. ದೇವಸ್ಥಾನದಲ್ಲಿ ಅಪ್ಪಣೆ ಕೇಳುವಾಗ ದೇವರ ಮೇಲಿನ ಹೂವು ಎಡಕ್ಕೆ ಬಿದ್ದರೆ “ಇನ್ನೊಂದು ಸಲ ಕೇಳಿ ಸ್ವಾಮಿ” ಎಂದು ಅರ್ಚಕರ ಮುಖ ನೋಡುವವರು ನಾವು. ಆದರೆ ಅವಳ ವರ್ಕ್‌ಶಾಪಿನಲ್ಲಿ ಕೊರೆದ ತೂತಿನ ಅಳತೆ ನೋಡಲು ಗೋ, ನೋ-ಗೋ ಗೇಜು ಹಾಕುತ್ತಾರೆ. ನೋ-ಗೋ ತುದಿ ಒಳಗೆ ಹೋಯಿತೋ, ತೂತು ದೊಡ್ಡದಾಗಿದೆ, ಪೀಸು ರಿಜೆಕ್ಟ್. ಪೀಸು ಪಾಸಾಗುವವರೆಗೆ ಬೇರೆ ಬೇರೆ ಗೇಜು ತರಿಸುವ ಆಪರೇಟರನ್ನು ಯಾರೂ ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ.

ಎಲೆ ಎತ್ತುವವರು ಎತ್ತಲಿ, ಕಗ್ಗ ತೆರೆಯುವವರು ತೆರೆಯಲಿ. ಆದರೆ ಒಂದೇ ಸಲ. ಕೇಳುವ ಪ್ರಶ್ನೆಯಲ್ಲಿ ಕರ್ತೃ ‘ನಾನು’ ಆಗಿರಲಿ: ‘ಅತ್ತಿಗೆ ಯಾವಾಗ ಸರಿಹೋಗ್ತಾರೆ’ ಎಂದು ಕೇಳಿದರೆ ಅದು ಚಾಡಿ, ಚಿಂತನೆಯಲ್ಲ. ಕಾಯಿಲೆ, ಸಾಲ, ಮದುವೆ ಮಾತುಕತೆಗಳನ್ನಂತೂ ಎಲೆಯ ಮುಂದಿಡಬೇಡಿ. ಅವಕ್ಕೆ ಡಾಕ್ಟರು, ಬ್ಯಾಂಕಿನ ಪಾಸ್‌ಬುಕ್ಕು, ಮನೆಯ ಹಿರಿಯರು ಇದ್ದಾರೆ. ದುಡ್ಡು ಕಟ್ಟಿದರೆ ಇನ್ನೂ ಮೂರು ಕಾರ್ಡು ಎಂದು ಆ್ಯಪ್ ಕೇಳಿದರೆ ಮೊಬೈಲು ಜೇಬಿಗೆ ಹಾಕಿ, ಶಿಫ್ಟಿಗೆ ಹೊರಡಿ.