ಮೊದಲ ನಲವತ್ತು ದಿನದ ಖರ್ಚು ಯಾರದ್ದು?

ಭಾನುವಾರದ ನಿದ್ದೆ ಬಿಟ್ಟು ಓಎಂಆರ್, ವೇಳಚೇರಿ, ಅಂಬತ್ತೂರಿನಿಂದ ಎಗ್ಮೋರ್‌ತನಕ ಬಂದಿದ್ದೀರಿ, ಥ್ಯಾಂಕ್ಸ್.

ಇಲ್ಲೇ ಪಕ್ಕದ ಎಗ್ಮೋರ್ ಸ್ಟೇಷನ್ನಿನಲ್ಲಿ ಮಂಗಳೂರು ರೈಲಿನಿಂದ ಇಳಿದು ನಾನು ಮೊದಲ ಸಲ ಚೆನ್ನೈ ನೋಡಿದ್ದು. ಎಂಟೆಕ್ ಮುಗಿದಿತ್ತು, ಕೈಯಲ್ಲಿ ಆಫರ್ ಲೆಟರ್ ಇತ್ತು, ಜೇಬಲ್ಲಿ ಅಪ್ಪ ಕೊಟ್ಟ ಮೂವತ್ತು ಸಾವಿರ ಇತ್ತು. ಆ ಮೂವತ್ತು ಸಾವಿರದ ಬಗ್ಗೆ ನಾನು ಆಮೇಲೆ ಯೋಚನೆ ಮಾಡಿದ್ದೇ ಇಲ್ಲ. ಹೋದ ವರ್ಷ ಮಾಡಬೇಕಾಯ್ತು.

ನಮ್ಮ ಆಫೀಸಿನಲ್ಲಿ ಅಪ್ರೆಂಟಿಸ್‌ಗಳನ್ನು ಆರಿಸುವ ಪ್ಯಾನೆಲ್‌ನಲ್ಲಿ ನಾನೂ ಇದ್ದೆ. ರಾಯಚೂರು ಕಡೆಯ ಒಬ್ಬ ಡಿಪ್ಲೊಮಾ ಹುಡುಗ ಬಂದಿದ್ದ. ಕೋಡ್ ಚೆನ್ನಾಗಿ ಬರೆದ. ಕೊನೆಗೆ "ನಿಮ್ಮದೇನಾದ್ರೂ ಪ್ರಶ್ನೆ ಇದೆಯಾ?" ಅಂದೆ. "ಸರ್, ಮೊದಲನೇ ಸ್ಟೈಪೆಂಡ್ ಯಾವತ್ತು ಬರತ್ತೆ ರೀ?" ಅಂದ. ನಾನು ಫೀಡ್‌ಬ್ಯಾಕ್ ಶೀಟ್‌ನಲ್ಲಿ ಬರೆದೆ: "ದುಡ್ಡಿನ ಮೇಲೆ ಗಮನ ಜಾಸ್ತಿ."

ಆದರೂ ಅವನು ಸೆಲೆಕ್ಟ್ ಆದ. ಆದರೆ ಬರಲಿಲ್ಲ. ಫೋನ್ ಮಾಡಿದಾಗ ಲೆಕ್ಕ ಹೇಳಿದ. ಪಿಜಿ ಬಾಡಿಗೆ ಏಳು ಸಾವಿರ, ಎರಡು ತಿಂಗಳ ಅಡ್ವಾನ್ಸ್ ಬೇರೆ. ಬಾಗಿಲಲ್ಲೇ ಇಪ್ಪತ್ತೊಂದು ಸಾವಿರ. ಊಟ, ಬಸ್ಸು ಆಮೇಲಿನ ಮಾತು. ಸ್ಟೈಪೆಂಡ್ ಹತ್ತು ಸಾವಿರ, ಅದೂ ತಿಂಗಳು ಮುಗಿದ ಮೇಲೆ. "ಅಕ್ಕನ ಮದುವೆ ಸಾಲಾನೇ ಇನ್ನೂ ತೀರಿಲ್ಲ ಸರ್, ಮತ್ತ ಹೆಂಗ ಕೇಳ್ಲಿ?" ಅಂದ.

ಆ ಸೀಟು ವೇಟಿಂಗ್ ಲಿಸ್ಟ್‌ನಲ್ಲಿದ್ದ ಹುಡುಗಿಗೆ ಹೋಯ್ತು. ಒಳ್ಳೆ ಹುಡುಗಿ, ಚೆನ್ನಾಗಿ ಕೆಲಸ ಕಲಿತಿದ್ದಾಳೆ. ಅವಳ ಚಿಕ್ಕಪ್ಪನ ಮನೆ ಅಡಯಾರಿನಲ್ಲಿದೆ. ಅವತ್ತು ಕೊನೆಯ ರೌಂಡ್ ಇಂಟರ್‌ವ್ಯೂ ಮಾಡಿದ್ದು ನಾವಲ್ಲ, ಆ ಚಿಕ್ಕಪ್ಪನ ಮನೆ.

ಕಾನೂನು ಏನು ಹೇಳುತ್ತೆ ಅಂತ ಆಮೇಲೆ ಓದಿದೆ. ಅಪ್ರೆಂಟಿಸ್ ಕಾಯ್ದೆ 1961ರದ್ದು. 1973ರ ತಿದ್ದುಪಡಿಯಲ್ಲಿ ಪದವಿ, ಡಿಪ್ಲೊಮಾದವರೂ ಸೇರಿದರು. ನಿಗದಿತ ಟ್ರೇಡ್‌ಗಳಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ, 2007ರ ತಿದ್ದುಪಡಿಯ ನಂತರ ಹಿಂದುಳಿದ ವರ್ಗದವರಿಗೂ ಸೀಟು ಮೀಸಲು. 2019ರ ನಿಯಮದ ಪ್ರಕಾರ 30 ಅಥವಾ ಹೆಚ್ಚು ಜನ ಇರುವ ಸಂಸ್ಥೆ 2.5ರಿಂದ 15 ಶೇಕಡಾ ಅಪ್ರೆಂಟಿಸ್‌ಗಳನ್ನು ತಗೊಳ್ಳಲೇಬೇಕು. ಡಿಪ್ಲೊಮಾದವರಿಗೆ ಕನಿಷ್ಠ 8,000 ರೂಪಾಯಿ, ಪದವೀಧರರಿಗೆ 9,000 ಅಂತ ಆಗ ನಿಗದಿಯಾಯ್ತು. ಇಡೀ ದಕ್ಷಿಣಕ್ಕೆ ಇವರ ಉಸ್ತುವಾರಿ ನೋಡುವ ಬೋರ್ಡ್ ಇಲ್ಲೇ ತರಮಣಿಯಲ್ಲಿದೆ.

ಇಷ್ಟೆಲ್ಲ ಇದ್ದೂ, ಸ್ಟೈಪೆಂಡ್ ಮುಂದಿನ ತಿಂಗಳ ಹತ್ತನೇ ತಾರೀಖಿನೊಳಗೆ ಕೊಟ್ಟರೆ ಸಾಕು. ಅಂದರೆ ಒಂದನೇ ತಾರೀಖು ಸೇರಿದವನು ನಲವತ್ತು ದಿನ ಕಾಯಬೇಕಾಗಬಹುದು. ಮೀಸಲಾತಿ ಸೀಟು ಕೊಡುತ್ತೆ, ಆ ನಲವತ್ತು ದಿನದ ಊಟ ಕೊಡಲ್ಲ. ನನಗೆ ಅದನ್ನು ಅಪ್ಪ ಕೊಟ್ಟಿದ್ದರು. ನಾನು ಅದನ್ನು ಮೆರಿಟ್ ಅಂದುಕೊಂಡಿದ್ದೆ.

ಬ್ರಿಟನ್ನಿನ ಸೋಶಿಯಲ್ ಮೊಬಿಲಿಟಿ ಕಮಿಷನ್ ಕಂಪನಿಗಳಿಗೆ ಒಂದು ಪ್ರಶ್ನೆ ಸೂಚಿಸುತ್ತೆ: ನಿಮಗೆ ಸುಮಾರು 14 ವರ್ಷ ಇದ್ದಾಗ, ಮನೆಯಲ್ಲಿ ಮುಖ್ಯವಾಗಿ ದುಡಿಯುತ್ತಿದ್ದವರ ಕೆಲಸ ಏನಾಗಿತ್ತು? ಇದನ್ನು ಕೇಳೋದು ಯಾರನ್ನೋ ಆರಿಸೋಕಲ್ಲ. ಯಾವ ಯಾವ ಮನೆಯವರು ಒಳಗೆ ಬರ್ತಿದ್ದಾರೆ, ಯಾರು ಆಫರ್ ಸಿಕ್ಕೂ ಬರ್ತಿಲ್ಲ ಅಂತ ತಿಳಿಯೋಕೆ. ನಮ್ಮ ಫಾರ್ಮ್‌ಗಳಲ್ಲಿ ಎಸ್ಸೆಸ್ಸೆಲ್ಸಿ ಪರ್ಸೆಂಟೇಜ್ ಇರುತ್ತೆ, ಈ ಪ್ರಶ್ನೆ ಇರಲ್ಲ.

ನಾನು ಎಚ್‌ಆರ್‌ಗೆ ಬರೆದೆ. ಎರಡು ತಿಂಗಳು ಮೇಲ್ ಮೇಲೆ ಮೇಲ್. ಈ ಬ್ಯಾಚಿನಿಂದ ಸೇರಿದ ದಿನವೇ ಅರ್ಧ ತಿಂಗಳ ಸ್ಟೈಪೆಂಡ್ ಮುಂಗಡ ಕೊಡ್ತಿದ್ದಾರೆ. ದೊಡ್ಡ ಕ್ರಾಂತಿ ಏನಲ್ಲ. ಪಿಜಿ ಅಡ್ವಾನ್ಸ್‌ಗೂ ಸಾಲಲ್ಲ.

ಉಳಿದದ್ದನ್ನು ನಾವು ಮಾಡಬಹುದು. ನಿಮ್ಮಲ್ಲಿ ಎಷ್ಟೋ ಜನರ ಫ್ಲಾಟ್‌ನಲ್ಲಿ ಒಂದು ರೂಮು ಖಾಲಿ ಇದೆ, ನನಗೆ ಗೊತ್ತು. ಊರಿಂದ ಬರುವ ಒಬ್ಬ ಅಪ್ರೆಂಟಿಸ್‌ಗೆ ಮೊದಲ ನಲವತ್ತು ದಿನ ಅದನ್ನು ಕೊಡಿ. ಅಡಯಾರಿನ ಚಿಕ್ಕಪ್ಪ ಎಲ್ಲರಿಗೂ ಇರಲ್ಲ.

ಆ ಹುಡುಗನಿಗೆ ಈ ವರ್ಷ ಮತ್ತೆ ಫೋನ್ ಮಾಡಿದ್ದೆ. ಊರಿನ ಮೊಬೈಲ್ ರಿಪೇರಿ ಅಂಗಡಿಯಲ್ಲಿದ್ದಾನೆ. "ಮೊದಲ ದಿನವೇ ಸ್ವಲ್ಪ ದುಡ್ಡು ಬರತ್ತೆ, ನಮ್ಮ ಮನೇಲಿ ಇರು, ಅಪ್ಲೈ ಮಾಡು" ಅಂದೆ. "ಮನಿಯಾಗ ಕೇಳಿ ಹೇಳ್ತೀನಿ ಸರ್" ಅಂದ. ಇನ್ನೂ ಹೇಳಿಲ್ಲ. ಕಾಯ್ತಿದ್ದೀನಿ.